ಅಕ್ಕನ ಟಿಕೆಟ್ ಮೇಲೆ ತವರಿನ ಹೆಸರು

ನಮ್ಮ ಬಳಗದಲ್ಲಿ ಯಾರು ವಿಮಾನ ಹತ್ತುವುದಿದ್ದರೂ ಮೊದಲು ನನಗೆ ಫೋನ್ ಬರುತ್ತಿತ್ತು. ದಾವಣಗೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡವನು ನಾನು. ಕಂಪನಿಯವರು ಕರೆದ ಮೀಟಿಂಗಿಗೆ ವರ್ಷಕ್ಕೆ ಮೂರ್ನಾಲ್ಕು ಸಲ ವಿಮಾನದಲ್ಲಿ ಹೋಗಿಬಂದದ್ದೇ ನನ್ನ ದೊಡ್ಡ ಅರ್ಹತೆ. ಟಿಕೆಟ್ ಯಾವಾಗ ತೆಗೆಸಬೇಕು, ದರ ಯಾವಾಗ ಇಳಿಯುತ್ತದೆ, ಜೊತೆಗೆ ಯಾವ ಕಾರ್ಡ್ ಒಯ್ಯಬೇಕು ಎಂದು ಇದೇ ಫೇಸ್‌ಬುಕ್ ಪುಟದಲ್ಲಿ ಉದ್ದಕ್ಕೆ ಬರೆದಿದ್ದೆ. "ಅಣ್ಣಾ, ಸೇವ್ ಮಾಡಿಟ್ಕಂಡೀನಿ" ಅಂದವರು ಎಷ್ಟೋ ಜನ. ಆ ಪೋಸ್ಟನ್ನು ಅಳಿಸಿದ್ದೇನೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿದೆ. ನಿಜ ಇದು.

ಅಕ್ಕನನ್ನು ಕೊಟ್ಟಿದ್ದು ಹರಿಹರಕ್ಕೆ. ಅವಳಿಗೆ ಒಬ್ಬಳೇ ಮಗಳು, ಗಂಡನ ಜೊತೆ ದಿಲ್ಲಿಯಲ್ಲಿದ್ದಾಳೆ. ಮಗಳು ಬಸುರಿ ಎಂದು ಗೊತ್ತಾದದ್ದೇ ತಡ, ಚೊಚ್ಚಲ ಬಾಣಂತನ ತವರಿನಲ್ಲೇ ಎಂದು ಅಕ್ಕ ಕೋಣೆಗೆ ಸುಣ್ಣ ಹೊಡೆಸಿಬಿಟ್ಟಳು. ಆದರೆ ಸ್ಕ್ಯಾನಿಂಗಿನಲ್ಲಿ ಕೂಸಿನ ಹೃದಯದಲ್ಲಿ ತೊಂದರೆ ಕಂಡಿತು. ಪ್ರಯಾಣ ಬೇಡವೇ ಬೇಡ, ಇಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಆಗಲಿ ಎಂದರು ಅಲ್ಲಿನ ಡಾಕ್ಟರು. ಹೆರಿಗೆಯ ಆಪರೇಷನ್ನಿನ ದಿನವನ್ನೂ ಒಂದೂವರೆ ತಿಂಗಳು ಮುಂಚೆಯೇ ಗೊತ್ತುಮಾಡಿದರು. ಹುಡುಗಿ ತಾಯಿಯನ್ನು ಕೇಳಿದ್ದು ಇಷ್ಟೇ: "ಅವ್ವಾ, ನನ್ನ ಒಳಗೆ ಕರ್ಕಂಡು ಹೋಗಾಕ ಮುಂಚೆ ನೀನು ಇಲ್ಲಿರ್ಬೇಕು. ಕೂಸನ್ನ ಮೊದ್ಲು ನೀನೇ ಎತ್ಕಬೇಕು."

ಅಕ್ಕ ಅವತ್ತೇ ಫೋನ್ ಮಾಡಿದಳು.

"ಲೇ ತಮ್ಮಾ, ಟಿಕೆಟ್ ತೆಗ್ಸಿಬಿಡಲೇ."

"ಈಗ ತೆಗ್ಸಿದ್ರೆ ಕೈ ಸುಡ್ತೈತೆ ಅಕ್ಕ. ತಡಿ, ಇಳಿತೈತೆ."

"ಇಳೀಲಿ ಬಿಡ್ಲಿ, ನಂಗೆ ಸೀಟು ಬೇಕಪ್ಪ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ನನ್ ಕೈಗೆ ಬಿಟ್ಟೀಯಲ್ಲ?"

ಬಿಟ್ಟಿದ್ದಳು. ನಾನು ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ದರ ನೋಡುತ್ತಿದ್ದೆ. ಒಂದು ದಿನ ಇಳಿಯಿತು. ಇನ್ನೂ ಇಳಿಯಲಿ ಎಂದು ಬಿಟ್ಟೆ. ಮರುದಿನ ಏರಿತು, ಛಲಕ್ಕೆ ಬಿದ್ದೆ. ದುಡ್ಡಿಲ್ಲದೆ ಅಲ್ಲ, ಗೆಲ್ಲಬೇಕಿತ್ತು ಅಷ್ಟೇ. ಭಾವ ಅಂಗಡಿಗೆ ಬಂದಾಗಲೆಲ್ಲ "ಟಿಕೆಟ್ ಆತೇನಪ್ಪಾ?" ಎಂದು ಕೇಳೋರು. "ಆಗ್ತೈತೆ ಬಿಡ್ರಿ ಭಾವ, ಚಾ ಕುಡೀರಿ" ಅನ್ನುತ್ತಿದ್ದೆ. ಕೊನೆಗೆ ಆಪರೇಷನ್ನಿಗೆ ನಾಲ್ಕು ದಿನ ಇದೆ ಎನ್ನುವಾಗ, ಮೊದಲಿನ ದುಪ್ಪಟ್ಟು ದರಕ್ಕೆ, ಆಪರೇಷನ್ನಿನ ಹಿಂದಿನ ದಿನದ ವಿಮಾನದಲ್ಲಿ ಉಳಿದಿದ್ದ ಒಂದೇ ಒಂದು ಸೀಟು ಹಿಡಿದೆ. ಹುಬ್ಬಳ್ಳಿಯಿಂದ ದಿಲ್ಲಿಗೆ. ಗಡಿಬಿಡಿಯಲ್ಲಿ ಅಕ್ಕನ ಹೆಸರು ಟೈಪ್ ಮಾಡಿ, ಟಿಕೆಟನ್ನು ಭಾವನ ಮೊಬೈಲಿಗೆ ಕಳಿಸಿದೆ. ಅವರು ದಿನ ನೋಡಿದರು, ಟೈಮು ನೋಡಿದರು. ಅಕ್ಕನಿಗೆ ಇಂಗ್ಲಿಷ್ ಓದು ಅಷ್ಟಕ್ಕಷ್ಟೇ.

ಹೆಸರಿನ ಕಥೆ ಹೇಳಲೇಬೇಕು. ಮದುವೆ ಗೊತ್ತಾದಾಗ ಅಕ್ಕನ ಹೆಸರೂ ಅವಳ ಅತ್ತೆಯ ಹೆಸರೂ ಒಂದೇ ಎಂದು ತಿಳಿಯಿತು. ಅತ್ತೆ ಹೆಸರಿನ ಸೊಸೆ ಆ ಮನೆಯಲ್ಲಿ ನಡೆಯುವುದಿಲ್ಲ. ಸೊಸೆಯನ್ನು ಹೆಸರು ಹಿಡಿದು ಬೈದರೆ ಹಿರಿಯರನ್ನೇ ಬೈದಂತೆ ಆಗುತ್ತದಲ್ಲ! ಹಾಗಾಗಿ ಧಾರೆಯಾದ ಮೇಲೆ ಬೇರೆ ಹೆಸರಿಟ್ಟರು. ನಮ್ಮಪ್ಪನಿಗೆ ಉರಿದುಹೋಯಿತು. ಮಂಟಪದಲ್ಲೇ ನಿಂತು, "ನಿಮ್ಮನೇಲಿ ಏನರ ಕರ್ಕಳ್ರಿ. ನಮ್ಮನೇಲಿ ಅವ್ಳ ಹೆಸ್ರು ಅವ್ಳದೇ" ಅಂದುಬಿಟ್ಟ. ಅಂದಿನಿಂದ ತವರಿನ ಕಡೆಯ ಯಾರೂ ಆ ಹೊಸ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಅದು ನಮ್ಮ ಜಂಬ. ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಗಂಡನ ಮನೆಯಲ್ಲೇ ಆದದ್ದರಿಂದ ಅವುಗಳಲ್ಲೆಲ್ಲ ಆ ಹೆಸರೇ ಇತ್ತು. ನಾನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅದು ನನ್ನ ತಲೆಯಲ್ಲಿ ಎಂದೂ ಇರಲೇ ಇಲ್ಲ.

ಹೊರಟ ದಿನ ಕಾರು ತೆಗೆದುಕೊಂಡು ಹರಿಹರಕ್ಕೆ ಹೋದೆ. ಅಂಟಿನುಂಡೆಯ ಡಬ್ಬಿ, ಹಳೇ ಸೀರೆ ಹರಿದು ಹೊಲಿದ ದುಪಟಿ, ಎರಡು ಕುಲಾವಿ ಎಲ್ಲ ಕಟ್ಟಿಕೊಂಡು ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಊರು ದಾಟುವಾಗ, "ಆಧಾರ್ ಇಟ್ಕಂಡೀಯಾ?" ಎಂದೆ. "ಒರಿಜಿನಲ್ಲೂ ಐತೆ, ಜೆರಾಕ್ಸೂ ಐತೆ, ತಗಾ ನೋಡು" ಎಂದು ಕಾರ್ಡನ್ನು ನನ್ನ ಮುಂದೆ ಹಿಡಿದಳು. ನಾನು ಫೋಟೋ ನೋಡಿ, "ಕಳ್ಳಿ ಕಂಡಂಗೆ ಕಾಣ್ತೀಯಲ್ಲೇ" ಎಂದು ನಕ್ಕೆ. ಅವಳೂ ನಕ್ಕಳು. ಕಾರ್ಡ್ ಕೈಗೆ ಬಂದಿತ್ತು, ಟಿಕೆಟ್ ಜೇಬಿನಲ್ಲಿತ್ತು. ಎರಡನ್ನೂ ಜೋಡಿಸಿ ಓದಲಿಲ್ಲ.

ಹುಬ್ಬಳ್ಳಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತ ಪಹರೆಯವನು ಎರಡನ್ನೂ ಜೋಡಿಸಿ ಓದಿದ. ಹಿಂದಿಯಲ್ಲಿ, ಇದು ಬೇರೆ ಯಾರದೋ ಟಿಕೆಟ್ ಎಂದ. ನಾನು ನಗುತ್ತಲೇ ನಮ್ಮ ಕಡೆಯ ಪದ್ಧತಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಕೌಂಟರಿಗೆ ಹೋಗಿ ಎಂದು ಕೈ ತೋರಿಸಿದ. ಕೌಂಟರಿನ ಹುಡುಗಿ ಹುಬ್ಬಳ್ಳಿ ಕಡೆಯವಳೇ.

"ಒಂದೆರಡು ಅಕ್ಷರ ತಪ್ಪಿದ್ರ ತಿದ್ದಿ ಕೊಡ್ತಿದ್ವಿ ಸರ್. ಪೂರಾ ಹೆಸ್ರೇ ಬ್ಯಾರೆ ಐತಲ್ರೀ."

ಅಕ್ಕ ಕಿಂಡಿಗೆ ಬಗ್ಗಿ, "ತಂಗೀ, ಅವ್ಳೂ ನಾನೇ, ಇವ್ಳೂ ನಾನೇ ಕಣವ್ವ" ಅಂದಳು.

"ನಂಗ ಗೊತ್ತಾತ್ರಿ ಅಮ್ಮಾರ. ಆದ್ರ ಕಾಗ್ದದಾಗ ಇಬ್ರು ಅದೀರಿ. ಹಳೇ ಹೆಸರಿಂದು ಯಾವ್ದರ ಕಾರ್ಡ್ ಐತೇನ್ರಿ?"

ಇರಲಿಲ್ಲ. ಹೊಸ ಟಿಕೆಟ್ ತೆಗೆಯೋಣ ಎಂದರೆ ಆ ವಿಮಾನದಲ್ಲಿ ಸೀಟೂ ಇರಲಿಲ್ಲ. ಕೊನೆಯದನ್ನು ಹಿಡಿದವನು ನಾನೇ ತಾನೆ. ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದೆ. ಬೆಂಗಳೂರಿನಿಂದ ಮರುದಿನ ಮಧ್ಯಾಹ್ನದ್ದು ಸಿಕ್ಕಿತು. ಅದಕ್ಕಿಂತ ಮೊದಲಿನದು ಯಾವುದೂ ಖಾಲಿ ಇರಲಿಲ್ಲ. ಅಕ್ಕನ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಆ ಹೆಸರನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಪಕ್ಕದಲ್ಲಿ ಅಕ್ಕ ಮಗಳಿಗೆ ಫೋನ್ ಮಾಡಿದ್ದಳು. "ನಾಳೆ ಬರ್ತೀನವ್ವ" ಎಂದಳು. ಆಮೇಲೆ ಬಹಳ ಹೊತ್ತು ಬರೀ "ಹೂಂ", "ಹೂಂ" ಎಂದಷ್ಟೇ. "ನಾನು ಮಾತಾಡ್ಲಾ?" ಎಂದು ಕೈ ಚಾಚಿದೆ. ಫೋನನ್ನು ಆ ಕಡೆ ಕಿವಿಗೆ ಬದಲಾಯಿಸಿಕೊಂಡಳು.

ಮರುದಿನ ಬೆಳಗ್ಗೆ ಹತ್ತಕ್ಕೆ ಹೆರಿಗೆಯಾಯಿತು. ಹೆಣ್ಣುಕೂಸು. ಎರಡೂವರೆಗೆ ಹೋಯಿತು. ಆಗ ಅಕ್ಕ ಆಕಾಶದಲ್ಲಿದ್ದಳು, ಫೋನ್ ಬಂದ್ ಇತ್ತು. ಅವಳನ್ನು ಬಿಟ್ಟು ವಾಪಸ್ ಬರುತ್ತಿದ್ದ ನನಗೆ ತುಮಕೂರಿನ ಹತ್ತಿರ ಭಾವ ಫೋನ್ ಮಾಡಿ ಹೇಳಿದರು. ವಿಮಾನ ಇಳಿದು ಆಸ್ಪತ್ರೆ ಮುಟ್ಟುವವರೆಗೂ ಅಕ್ಕನಿಗೆ ಯಾರೂ ಹೇಳಲಿಲ್ಲ. ಅವಳು ಎತ್ತಿಕೊಂಡಾಗ ಕೂಸು ತಣ್ಣಗಿತ್ತಂತೆ.

ಹುಟ್ಟುವಾಗಲೇ ಉಳಿಯುವ ಕೂಸಲ್ಲ, ಯಾರಿದ್ದರೂ ಅಷ್ಟೇ ಎಂದು ಡಾಕ್ಟರು ಹೇಳಿದರು. ಬಂದು ಹೋದವರೆಲ್ಲ ಅದನ್ನೇ ನನಗೆ ಔಷಧಿಯ ಹಾಗೆ ಕುಡಿಸಿದರು. "ನಿಂದೇನ್ ತಪ್ಪೈತೆ ಬಿಡಪ್ಪ." ಕೂಸು ಉಳಿಸಿಕೊಡು ಎಂದು ಅಕ್ಕ ನನ್ನನ್ನು ಕೇಳಿರಲಿಲ್ಲ. ಒಂದು ಸೀಟು ಕೇಳಿದ್ದಳು. ಕೂಸು ನಾಲ್ಕೂವರೆ ತಾಸು ಬೆಚ್ಚಗಿತ್ತು. ತವರಿನವರ ಪೈಕಿ ಒಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ಇದಕ್ಕೆ ಯಾವ ಡಾಕ್ಟರ ಮಾತೂ ಉತ್ತರವಲ್ಲ.

ದಿನ ಗೊತ್ತಾದ ದಿನವೇ ಟಿಕೆಟ್ ತೆಗೆಸಿ. ಹೋಗುವವರ ಕಾರ್ಡನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೇ ಹೆಸರು ಹಾಕಿ. ನೀವು ಪ್ರೀತಿಯಿಂದ ಏನು ಕರೆಯುತ್ತೀರಿ ಎನ್ನುವುದು ಅಲ್ಲಿ ಯಾರಿಗೂ ಬೇಕಿಲ್ಲ. ಇಷ್ಟನ್ನು ಬರೆಯಲು ನನಗೆ ಎರಡು ಸಾಲು ಸಾಕಿತ್ತು.

ಅಕ್ಕ ತಿಂಗಳೊಪ್ಪತ್ತು ಇದ್ದು ಬಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ನಮ್ಮೂರಿನ ಪಿ.ಜೆ. ಬಡಾವಣೆಯಲ್ಲಿ ಟ್ರಾವೆಲ್ಸ್ ಇಟ್ಟಿರುವ ಪರಿಚಯದವರು ಸಿಕ್ಕಿ, "ನಿಮ್ಮಕ್ಕಾರು ಬಂದಿದ್ರು. ಮಗಳನ್ನ ಕರ್ಕಂಡು ಬರಾಕ ಬೆಂಗ್ಳೂರಿಂದ ದಿಲ್ಲಿಗೆ ಟಿಕೆಟ್ ತೆಗ್ಸಿದ್ರು. ನೀವಿರುವಾಗ ನಮ್ಮತ್ರ ಯಾಕ ಬಂದ್ರು ಅನ್ಕಂಡೆ" ಎಂದರು. ಏನೋ ಹೇಳಿ ನಕ್ಕು, ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಯಾವಾಗ ಹೊಂಟೀಯ?"

"ಸೋಮವಾರ."

"ಬೆಂಗ್ಳೂರಿಗೆ ನಾನೇ ಬಿಟ್ಟು ಬರ್ತೀನಿ. ಕಾರ್ ತರ್ತೀನಿ."

"ಬ್ಯಾಡಪ್ಪ. ಬಸ್ ಐತೆ."

ಹರಿಹರದಿಂದ ಬೆಂಗಳೂರಿಗೆ ಹೋಗುವ ಬಸ್ಸು ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಸೋಮವಾರ ನಾನು ಅಂಗಡಿ ಬಿಟ್ಟು ಏಳಲಿಲ್ಲ.