ಒಗೆಯುವ ಕಲ್ಲಿನ ಕೊನೆಯ ಸಾಲು

ಹೋದ ತಿಂಗಳು ಕಾಲೇಜಿನ ಹುಡುಗಿಯೊಬ್ಬಳು ನಮ್ಮ ಹಿತ್ತಲಿಗೆ ಬಂದು, ಬಾವಿಯ ಪಕ್ಕ ನಿಂತಿರುವ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಪಟಪಟ ಬಡಿದು, ಅದರ ಮೇಲೆ ಕಪ್ಪು ಮಸಿ ಒತ್ತಿದಳು. ಹಳೆಯ ಶಾಸನಗಳ ಅಚ್ಚು ತೆಗೆಯುವುದು ಹೀಗೆಯಂತೆ. ನಾನು ಅವಳಿಗೆಂದು ಕಾಫಿ ಹಿಡಿದು ನಿಂತಿದ್ದೆ. ಮಸಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಲೋಟ ನನ್ನ ಕೈಯಲ್ಲೇ ಉಳಿಯಿತು. ಟಪಾಲಿನ ಮೇಲೆ ಮುದ್ರೆ ಒತ್ತುವ ಮಸಿಗೂ ಥೇಟ್ ಇದೇ ವಾಸನೆ. ಮೂವತ್ತು ವರ್ಷದ ಹಿಂದೆ ಆ ವಾಸನೆ ಖಾಕಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ವಾರಕ್ಕೆರಡು ಸಲ ನಮ್ಮ ಜಗಲಿಗೆ ನಡೆದೇ ಬರುತ್ತಿತ್ತು...

ಊರಿಗೆಲ್ಲ ಅವರು ಪೋಸ್ಟಣ್ಣ. ಶಿಡ್ಲಘಟ್ಟದಿಂದ ನಮ್ಮೂರಿಗೆ ಮೂರು ಮೈಲಿ. ಬಿಸಿಲೇರುವ ಹೊತ್ತಿಗೆ ಬಂದು, ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಕಾಗದ ಬಂದವರಿಗೆ ಕಾಗದ ಓದಿ ಹೇಳುತ್ತಿದ್ದರು. ಬಾರದವರಿಗೆ ಇತಿಹಾಸ ಹೇಳುತ್ತಿದ್ದರು. ನಮ್ಮೂರಲ್ಲಿ ಕಾಗದಕ್ಕಿಂತ ಇತಿಹಾಸವೇ ಜಾಸ್ತಿ ಬಟವಾಡೆಯಾಗುತ್ತಿತ್ತು. ಚೀಲವನ್ನು ಮಾತ್ರ ತೊಡೆಯಿಂದ ಕೆಳಗಿಳಿಸುತ್ತಿರಲಿಲ್ಲ. ಅದು ಅವರಿಗೆ ದೇವರ ಪೆಟ್ಟಿಗೆಯ ಸಮ.

ಹಿಂದೆಂದೋ ಶಾಸನದ ಅಚ್ಚು ತೆಗೆಯಲು ಬಂದ ಸರ್ಕಾರದ ಜನಕ್ಕೆ ಒಂದು ಬೇಸಗೆಯೆಲ್ಲ ದಾರಿ ತೋರಿಸಿದ್ದರಂತೆ. ಆಗ ಹಳೇ ಅಕ್ಷರ ಕಲಿತೆ ಎನ್ನುತ್ತಿದ್ದರು. ಅಲ್ಲಿಂದಾಚೆಗೆ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಎಲ್ಲಿ ಕಲ್ಲು ಬಿದ್ದಿದ್ದರೂ ಓದದೆ ಮುಂದೆ ಹೋಗುವವರಲ್ಲ. "ಇವೂ ಕಾಗದಗಳೇ ಕಣಮ್ಮ," ಎನ್ನುವರು. "ಐನೂರು ವರ್ಷದಿಂದ ಬಿದ್ದವೆ. ತಗೊಳ್ಳೋರು ಮನೇಲಿಲ್ಲ, ಅಷ್ಟೆ."

ಗಂಗರು, ನೊಳಂಬರು, ಚೋಳರು ಎಲ್ಲರೂ ಅವರ ಬಾಯಲ್ಲಿ ಬೇಲಿ ಜಗಳದ ದಾಯಾದಿಗಳು. "ಚೋಳರು ಅಷ್ಟು ದೂರದಿಂದ ಬಂದು ತಮಿಳಲ್ಲಿ ಕಲ್ಲು ಬರೆಸಿದ್ರು. ನಮ್ಮೋರು ಅದನ್ನ ನೋಡಿ ತೆಲುಗಲ್ಲಿ ಬೈದ್ರು. ಈಗ ಅದು ಕನ್ನಡದೋರ ಹೊಲದಲ್ಲಿ ಬಿದ್ದದೆ. ಯಾರು ಗೆದ್ದಂಗಾಯ್ತು?" ಇನ್ನೊಂದು ದಿನ ಪಾಳೇಗಾರರ ಸರದಿ. "ಮೂರೂರಿಗೆ ಪಾಳೇಗಾರ, ಬಿರುದು ಮೂವತ್ತು! ಗಂಡರಿಗೆ ಗಂಡ, ವೈರಿಗಳ ಎದೆಗೆ ಶೂಲ, ಸಮುದ್ರಕ್ಕೆ ಒಡೆಯ. ಸಮುದ್ರ ಅಂದ್ರೆ ನಮ್ಮ ಈ ಕೆರೆ ಕಣಮ್ಮ. ಅವನಿಗೊಂದು ಕಾಗದ ಬರೆದ್ರೆ ಕವರಿನ ಮೇಲೆ ಸ್ಟಾಂಪಿಗೆ ಜಾಗ ಎಲ್ಲಿ?"

ವೀರಗಲ್ಲಿನ ಕಥೆ ಬಂದರೆ ನಮ್ಮತ್ತೆ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

"ಪಕ್ಕದೂರೋರು ದನ ಹೊಡ್ಕೊಂಡು ಹೋದ್ರು ಅಕ್ಕ. ಈ ಮಹಾರಾಯ ಒಬ್ನೇ ಓಡ್ಹೋಗಿ ಬಿಡಿಸ್ಕೊಂಡ್ ಬಂದ, ಸತ್ತ. ಅಪ್ಸರೆಯರು ಆ ಕಡೆಗೊಬ್ಬಳು ಈ ಕಡೆಗೊಬ್ಬಳು ಹಿಡ್ಕೊಂಡು ಸ್ವರ್ಗಕ್ಕೆ ಕರ್ಕೊಂಡು ಹೋದ್ರು."

"ಅವನ ಹೆಂಡ್ತಿ?"

"ದನ ವಾಪಸ್ ಬಂತಲ್ಲ ಅಕ್ಕ, ಹಾಲು ಕರೀಬೇಕಲ್ಲ."

"ನೋಡ್ದೇನೇ," ಎಂದು ಅತ್ತೆ ನನ್ನತ್ತ ತಿರುಗಿದರು. "ಅವನಿಗೆ ಅಪ್ಸರೆ, ಅವಳಿಗೆ ಸಗಣಿ!"

ಎಲ್ಲರೂ ನಗುವರು. ನನಗೆ ಮಾತ್ರ ನಗು ಪೂರ್ತಿ ಬರುತ್ತಿರಲಿಲ್ಲ. ನಾನು ಹುಟ್ಟಾ ಹೆದರುಪುಕ್ಕಲಿ. ಒಲೆ ಆರಿಸಿ ಬಂದ ಮೇಲೆ ಆರಿದೆಯೋ ಇಲ್ಲವೋ ಎಂದು ಮತ್ತೆರಡು ಸಲ ಹೋಗಿ ನೋಡುವವಳು. ಈಗಲೂ ಅಷ್ಟೇ, ಗ್ಯಾಸ್ ಬಂದ ಮೇಲೆ ನಾಲ್ಕು ಸಲ ನೋಡುತ್ತೇನೆ. ಅಂಥವಳ ಮನಸ್ಸಿನಲ್ಲಿ ಪೋಸ್ಟಣ್ಣನ ಕಥೆಗಳ ಪೈಕಿ ಒಂದೇ ಒಂದು ಗಟ್ಟಿಯಾಗಿ ಕೂತುಬಿಟ್ಟಿತ್ತು. ದಾನ ಕೊಟ್ಟದ್ದನ್ನು ಬರೆಸಿದ ಪ್ರತಿ ಕಲ್ಲಿನ ಕೊನೆಗೂ ಒಂದು ಶಾಪ ಇರುತ್ತದಂತೆ. ಈ ದಾನಕ್ಕೆ ಕೇಡು ಬಗೆದವರು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾರೆ ಎಂದು. "ಹುಳ ಆಗೋದೇ ಆದ್ರೆ ಶಿಡ್ಲಘಟ್ಟ ತಾಲ್ಲೂಕಲ್ಲಿ ಆಗಬೇಕು ನೋಡಿ," ಎಂದು ಪೋಸ್ಟಣ್ಣ ನಮ್ಮ ಮನೆಯೊಳಗಿನ ರೇಷ್ಮೆ ಹುಳದ ತಟ್ಟೆಗಳತ್ತ ಕೈ ತೋರಿಸುವರು. "ಹೊತ್ತೊತ್ತಿಗೆ ಎಳೇ ಸೊಪ್ಪು, ಸೆಕೆಯಾದ್ರೆ ಗಾಳಿ, ಥಂಡಿಯಾದ್ರೆ ಕೆಂಡ. ನಮ್ಮ ಮನೇಲಿ ನನಗಿಲ್ಲ ಆ ಉಪಚಾರ!"

ಅವರ ಇನ್ನೊಂದು ಗುಣ ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಗೌರಿಬಿದನೂರಿಗೆ ಕೊಟ್ಟಿದ್ದ ನನ್ನ ನಾದಿನಿ ಗಂಡನ ಜೊತೆ ಬಂದುಹೋದ ಮೇಲೆ ಅತ್ತೆಗೊಂದು ಕಾಗದ ಬರೆದಿದ್ದಳು. ಪೋಸ್ಟಣ್ಣ ಅದನ್ನು ಓದಿದರು: "ಅತ್ತಿಗೆ ಮಾಡಿದ ಸಾರನ್ನು ನಮ್ಮವರು ಎರಡು ದಿನ ನೆನೆಸಿಕೊಂಡರು." ನಾನು ಹಿಗ್ಗಿದೆ. ಚಿಂತಾಮಣಿಯಲ್ಲಿ ಎಂಟನೆಯ ಕ್ಲಾಸಿನವರೆಗೆ ಓದಿದವಳು ನಾನು, ಸೊಸೆ ಕಾಗದ ಓದುವುದು ಅತ್ತೆಗೆ ಇಷ್ಟವಿರಲಿಲ್ಲ, ಅಷ್ಟೆ. ವಾರದ ಮೇಲೆ ಆ ಕಾಗದ ಮೆಣಸಿನಪುಡಿ ಡಬ್ಬಿಯ ಕೆಳಗೆ ಸಿಕ್ಕಿತು. ಅದರಲ್ಲಿದ್ದದ್ದು: "ಅತ್ತಿಗೆ ಮಾಡಿದ ಸಾರು ಕುಡಿದು ನಮ್ಮವರಿಗೆ ಎರಡು ದಿನ ಹೊಟ್ಟೆ ಸರಿಯಿರಲಿಲ್ಲ."

ಅಂದರೆ ಪೋಸ್ಟಣ್ಣ ಕೆಟ್ಟದ್ದನ್ನು ಒಳ್ಳೆಯದು ಮಾಡಿ ಓದುತ್ತಾರೆ. ಆ ದಿನ ನಕ್ಕು ಸುಮ್ಮನಾದೆ. ಅದೇ ತಿಳಿವಳಿಕೆ ಮುಂದೆ ನನ್ನ ನಿದ್ದೆ ತಿನ್ನುತ್ತದೆ ಎಂದು ಆಗ ತಿಳಿದಿರಲಿಲ್ಲ.

ನಮ್ಮ ಬಾವಿಯ ಪಕ್ಕ ಬಟ್ಟೆ ಒಗೆಯುವ ದೊಡ್ಡ ಚಪ್ಪಡಿಯೊಂದಿತ್ತು. ಅದರ ಅರ್ಧ ಮಾತ್ರ ಮೇಲೆ, ಮಿಕ್ಕರ್ಧ ಮಲ್ಲಿಗೆ ಗಿಡದ ಮಣ್ಣಿನ ಕೆಳಗೆ. ನೀರು ಹರಿಯದೆ ನಿಲ್ಲುತ್ತಿತ್ತು. ನನಗಾಗ ಐದು ತಿಂಗಳು. ಅದರ ಹಿಂದಿನದು ಮೂರು ತಿಂಗಳಿಗೇ ಹೋಗಿತ್ತು. ಆ ಪಾಚಿಯಲ್ಲಿ ಎಲ್ಲಿ ಜಾರಿ ಬೀಳುತ್ತೇನೋ ಎಂಬ ಭಯಕ್ಕೆ ಮೈದುನನನ್ನು ಕಾಡಿ ಬೇಡಿ, ಹಾರೆ ಹಾಕಿಸಿ ಕಲ್ಲನ್ನು ಮೀಟಿಸಿದೆ. ಮಣ್ಣಿನಿಂದ ಆ ತುದಿ ಮೇಲೆ ಬಂತು. ಅದರ ಮೇಲೆ ಸೂರ್ಯ, ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ.

"ಅಯ್ಯಯ್ಯೋ, ಎಂತ ಪನಿ ಚೇಸ್ತಿವೇ ತಲ್ಲೀ!" ಎಂದು ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ತೆಲುಗಿನಲ್ಲಿ ಎದೆ ಬಡಿದುಕೊಂಡಳು, ಎಂಥ ಕೆಲಸ ಮಾಡಿದೆಯೇ ತಾಯಿ ಎಂದು. "ಬಸುರಿ ಹೆಂಗಸು ದಾನದ ಕಲ್ಲು ಕೀಳಿಸ್ತಾಳಾ?"

ಅತ್ತೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ಅದೇ ಹೆಚ್ಚು ಹೆದರಿಕೆ. ಪೋಸ್ಟಣ್ಣ ಬರುವ ದಿನಕ್ಕೆ ಇನ್ನೂ ಎರಡು ದಿನವಿತ್ತು. ಆ ಎರಡು ದಿನ ನಾನು ರೇಷ್ಮೆ ಹುಳದ ತಟ್ಟೆಗೆ ಸೊಪ್ಪು ಹಾಕುವಾಗಲೆಲ್ಲ, ಅವು ತಲೆಯೆತ್ತಿ ನನ್ನನ್ನೇ ನೋಡುವ ಹಾಗೆ ಕಾಣುತ್ತಿತ್ತು. ಹೊಸಬಳು ಬರುತ್ತಿದ್ದಾಳೆ, ಸ್ವಲ್ಪ ಜಾಗ ಬಿಡಿ ಎನ್ನುವ ಹಾಗೆ.

ಪೋಸ್ಟಣ್ಣ ಬಂದರು. ಹಿತ್ತಲಲ್ಲಿ ಅರ್ಧ ಊರು ಸೇರಿತ್ತು. ಅವರು ಕುಕ್ಕರಗಾಲಲ್ಲಿ ಕೂತು, ರಾಗಿ ಹಿಟ್ಟು ತರಿಸಿ ಅಕ್ಷರದ ಗೀರುಗಳಿಗೆ ಸವರಿ, ಮೇಲಿನರ್ಧವನ್ನು ಓದಿದರು. ಯಾವನೋ ಪಾಳೇಗಾರ, ಅವನ ಬಿರುದುಗಳು, ಕೆರೆ ಕಟ್ಟಿಸಿದವನಿಗೆ ಬಿಟ್ಟುಕೊಟ್ಟ ಗದ್ದೆ. ಆಮೇಲೆ ಕೆಳಗಿನರ್ಧಕ್ಕೆ ಬಂದರು, ನಾವು ಒಗೆಯುತ್ತಿದ್ದ ಭಾಗ. ದಿನಾ ಅದರ ಮೇಲೆ ಬಟ್ಟೆ ಬಡಿದವಳಾದರೂ, ಆ ಪಾಚಿ, ಸೋಪಿನ ಕಲೆಗಳ ನಡುವೆ ಯಾವುದು ಗೀರು, ಯಾವುದು ಹಳೇ ಅಕ್ಷರ ಎಂದು ದೂರ ನಿಂತ ನನಗೆ ಏನು ತಿಳಿಯಬೇಕು? ಅಲ್ಲಿ ಅವರು ಹಿಟ್ಟು ಸವರಲಿಲ್ಲ. ಬೆರಳಿಟ್ಟು ಆ ಕೊನೆಯಿಂದ ಈ ಕೊನೆಗೆ ನೇವರಿಸಿದರು. ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ರಾಗವಾಗಿ ಓದಿದರು:

"ಬಿದ್ದ ಈ ಕಲ್ಲನೆತ್ತಿ ನಿಲಿಸಿದವರ ಮಕ್ಕಳು ಮರಿ, ಸೂರ್ಯಚಂದ್ರರುಳ್ಳನಕ ಸುಖದಿಂ ಬಾಳ್ವರು."

"ಶಾಪ ಇಲ್ವಾ?" ಎಂದರು ಅತ್ತೆ.

"ಈ ಪಾಳೇಗಾರ ಒಳ್ಳೇ ಮನುಷ್ಯ ಅಕ್ಕ. ಬೈಯೋ ಬದ್ಲು ಹರಸಿದಾನೆ. ಕಲ್ಲೆತ್ತಿಸ್ದೋಳು ನಿಮ್ಮ ಸೊಸೆ, ಪುಣ್ಯಾನೂ ಅವಳಿಗೇ. ಈಗ ಇದನ್ನ ನೆಟ್ಟಗೆ ನಿಲ್ಲಿಸಿ, ಕೆಳಗಿನರ್ಧ ಹೂತುಬಿಡಿ. ಹೂಳದಿದ್ರೆ ಕಲ್ಲು ನಿಲ್ಲಲ್ಲ."

ಹೂತರು. ಊರಿಗೆ ಸಮಾಧಾನವಾಯಿತು, ಅತ್ತೆ ಅರಿಸಿನ ಕುಂಕುಮ ಹಚ್ಚಿದರು. ನನ್ನ ಲೆಕ್ಕ ಬೇರೆಯೇ ನಡೆಯುತ್ತಿತ್ತು. 'ಹೊಟ್ಟೆ ಸರಿಯಿರಲಿಲ್ಲ' ಎಂಬುದನ್ನು 'ನೆನೆಸಿಕೊಂಡರು' ಎಂದು ಓದಿದ ಮನುಷ್ಯ ಇವರು. ಹಾಗಾದರೆ 'ಮಕ್ಕಳು ಮರಿ ಬಾಳ್ವರು' ಎಂದು ಓದಿದ ಕಡೆ ನಿಜವಾಗಿ ಏನಿತ್ತು? ಒಳ್ಳೆಯದಿದ್ದರೆ ಆ ಅರ್ಧವನ್ನೇ ಏಕೆ ಹೂಳಿಸಿದರು? ಅವರು ಹರಕೆಯನ್ನು ಎಷ್ಟು ಚೆನ್ನಾಗಿ ಓದಿದ್ದರೋ, ಶಾಪ ಅಷ್ಟು ಘೋರವಾಗಿರಬೇಕು ಎಂದು ನಂಬಿದೆ. ಮಗು ಹೊಟ್ಟೆಯಲ್ಲಿ ಒದ್ದರೆ ಹೆದರುವೆ, ಒದೆಯದಿದ್ದರೆ ಇನ್ನೂ ಹೆದರುವೆ. ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಊರಿನ ಸಮಾಧಾನವೂ ಹೋಗುತ್ತದೆ.

ತಡೆಯಲಾರದೆ ಒಂದು ಮಧ್ಯಾಹ್ನ, ಅತ್ತೆ ಹಿಪ್ಪುನೇರಳೆ ತೋಟಕ್ಕೆ ಹೋಗಿದ್ದಾಗ, ಮಜ್ಜಿಗೆ ಕೊಡುತ್ತಾ ಕೇಳಿಯೇಬಿಟ್ಟೆ.

"ಪೋಸ್ಟಣ್ಣ, ಆ ಕಲ್ಲಲ್ಲಿ ನಿಜವಾಗ್ಲೂ ಏನಿತ್ತು?"

"ಓದಿದ್ನಲ್ಲಮ್ಮ."

"ಸಾರಿನ ಕಾಗದಾನೂ ಓದಿದ್ರಿ."

ಅವರ ಲೋಟ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಮೈಯೆಲ್ಲ ಅಲುಗುವಂತೆ ನಕ್ಕರು. "ಸಿಕ್ಕಿಬಿದ್ದೆ ಅನ್ನಿ! ಹೌದು ತಾಯಿ, ಕಾಗದ ತಿದ್ದಿ ಓದಿದೀನಿ. ನಾಳೆ ನೀವು ಅತ್ತೆ ಸೊಸೆ ಇಬ್ರೂ ಒಂದೇ ಒಲೆ ಮುಂದೆ ಕೂರಬೇಕಲ್ಲ." ನಗು ನಿಲ್ಲಿಸಿ ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡರೋ, ತೊಡೆಯ ಮೇಲಿನ ಚೀಲದ ಮೇಲೆ ಅಂಗೈ ಇಟ್ಟರು. "ಈ ಚೀಲದಾಣೆ ಕಣಮ್ಮ. ಆ ಕಲ್ಲಲ್ಲಿದ್ದ ಒಂದಕ್ಷರಾನೂ ನಾನು ತಿದ್ದಿಲ್ಲ. ಸಾಕಾ?"

ಚೀಲದ ಮೇಲೆ ಅವರು ಆಣೆಯಿಟ್ಟದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಆ ರಾತ್ರಿ ನಾನು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. ಪೂರ್ತಿ ನಂಬಿದೆ ಎಂದು ಹೇಳಲಾರೆ, ಅದು ನನ್ನ ಜಾಯಮಾನವಲ್ಲ. ಆದರೆ ಹಿಡಿದುಕೊಳ್ಳಲು ಒಂದು ಕಂಬ ಸಿಕ್ಕ ಹಾಗಾಯಿತು. ಉಳಿದ ತಿಂಗಳುಗಳನ್ನು ಆ ಕಂಬ ಹಿಡಿದೇ ಕಳೆದೆ.

ಮಗಳು ಹುಟ್ಟಿದಳು. ಗುಂಡುಗುಂಡಾಗಿ, ಹುಟ್ಟುತ್ತಲೇ ಊರೆಲ್ಲ ಕೇಳುವ ಹಾಗೆ ಅತ್ತಳು. "ಇವಳಿಗೆ ಮೂವತ್ತು ಬಿರುದು ಕೊಡಬಹುದು," ಎಂದರು ಪೋಸ್ಟಣ್ಣ. ಅವಳಿಗೆ ಹಲ್ಲು ಬರುವ ಮುಂಚೆಯೇ ಅವರಿಗೆ ತೊಂಡೇಬಾವಿಯ ಕಡೆಗೆ ವರ್ಗವಾಯಿತು. "ಅಲ್ಲಿ ರೈಲೇ ಟಪಾಲು ತರುತ್ತಂತೆ. ಕಾಲಿಗೆ ಆರಾಮ, ಕಲ್ಲುಗಳಿಗೆ ಬೇಜಾರು," ಎಂದು ಹೋದರು. ಒಂದು ಕಾಗದ ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೆ. ಹುಳಕ್ಕೆ ಸೊಪ್ಪು, ಮಗಳಿಗೆ ಜ್ವರ, ಮತ್ತೊಂದು ಬಾಣಂತನ... ಕೆಲವು ವರ್ಷಗಳ ಮೇಲೆ, ಸೈಕಲ್ಲಿನಲ್ಲಿ ಬರುತ್ತಿದ್ದ ಹೊಸ ಪೋಸ್ಟ್‌ಮ್ಯಾನು ಗಾಡಿಯಿಂದ ಇಳಿಯದೆಯೇ ಹೇಳಿದ, ಅವರು ತೀರಿಕೊಂಡರಂತೆ ಎಂದು.

ಹೋದ ತಿಂಗಳು ಬಂದ ಆ ಹುಡುಗಿ, ಕೆಳಗಿನ ಭಾಗವನ್ನೂ ನೋಡಬೇಕು, ಮಣ್ಣು ಸರಿಸಲೇ ಎಂದು ಕೇಳಿದಳು. ನಾನು ಒಳಗೆ ಹೋಗಿ, ಚಿಂತಾಮಣಿಯಲ್ಲಿ ಟೀಚರಾಗಿರುವ ಮಗಳಿಗೆ ಫೋನ್ ಮಾಡಿ, ಮೈ ಹುಷಾರಾಗಿದೆಯಾ ಎಂದು ವಿಚಾರಿಸಿಕೊಂಡು ಬಂದು, ಸರಿಸು ಎಂದೆ.

ಹುಡುಗಿ ಅಗೆದಳು, ತೊಳೆದಳು, ಕಾಗದ ಅಂಟಿಸಿದಳು, ಮಸಿ ಒತ್ತಿದಳು. ಮೇಲಿನರ್ಧದಲ್ಲಿ ಬಿಳಿಯ ಅಕ್ಷರಗಳು ಎದ್ದು ನಿಂತವು. ಕೆಳಗಿನರ್ಧ ಬರೀ ಕಪ್ಪು.

"ಇಲ್ಲೇನೂ ಇಲ್ಲ ಆಂಟಿ," ಎಂದಳು. "ಒಗೆದೂ ಒಗೆದೂ ಪೂರ್ತಿ ಸವೆದು ಹೋಗಿದೆ. ಅಳಿಸಿ ನೂರು ವರ್ಷವಾದ್ರೂ ಆಗಿರಬೇಕು."

ನಾನು ಬಾವಿಕಟ್ಟೆಯ ಮೇಲೆ ಕೂತೆ. ಶಾಪವೋ ಹರಕೆಯೋ, ಏನಿತ್ತೋ ಅದನ್ನು ನಮ್ಮತ್ತೆ, ಅವರತ್ತೆ, ಅವರತ್ತೆಯ ಅತ್ತೆ ಬಟ್ಟೆಯ ಕೊಳೆಯ ಜೊತೆ ಎಂದೋ ಒಗೆದು ಹಾಕಿದ್ದರು. ಪೋಸ್ಟಣ್ಣ ಬೆರಳಿಟ್ಟಾಗ ಅಲ್ಲಿ ಇದ್ದದ್ದು ಬರೀ ನುಣುಪು ಕಲ್ಲು. ಕಲ್ಲಲ್ಲಿದ್ದ ಒಂದಕ್ಷರವನ್ನೂ ತಿದ್ದಿಲ್ಲ... ಆಣೆ ಸುಳ್ಳಲ್ಲ. ತಿದ್ದಲು ಅಲ್ಲಿ ಅಕ್ಷರವೇ ಇರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ ಆ ಒಂದು ಗಳಿಗೆಯಲ್ಲಿ ಅವರು ಆ ಸಾಲು ಬರೆದಿದ್ದರು.

"ಇಲ್ಲಿ ಏನು ಬರೆದಿತ್ತು ಅಂತ ಹಿರಿಯರು ಯಾರಾದ್ರೂ ಹೇಳಿದ್ದು ನೆನಪಿದೆಯಾ ಆಂಟಿ?"

ಹೇಳಿದೆ. ಅದೇ ರಾಗದಲ್ಲಿ ಹೇಳಿದೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅದರ ಮುಂದೆ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕಿದಳು. ಅಂದಿನಿಂದ ನನಗೆ ಹೊಸ ಚಿಂತೆ. ನಾಳೆ ಯಾವುದೋ ಪುಸ್ತಕದಲ್ಲಿ ಆ ಪಾಳೇಗಾರ ಶಾಪದ ಬದಲು ಹರಕೆ ಕೆತ್ತಿಸಿದ ಕರುಣಾಳು ಎಂದು ಅಚ್ಚಾದರೆ? ಇತಿಹಾಸ ಕೆಡಿಸಿದ ಪಾಪಕ್ಕೆ ಎಷ್ಟು ಸಾವಿರ ವರ್ಷವೋ, ಯಾವ ತಟ್ಟೆಯೋ. ಕೇಳಿ ತಿಳಿಯೋಣವೆಂದರೆ, ಅದಕ್ಕೊಂದು ಒಳ್ಳೆಯ ಮಾತು ಹುಡುಕಿ ಹೇಳುತ್ತಿದ್ದವರು ಇಲ್ಲ. ಅವರಿಗೆ ನಾನು ಬರೆಯದ ಕಾಗದ ಇಲ್ಲೇ ಉಳಿಯಿತು.

ಹೊರಡುವ ಮುಂಚೆ ಹುಡುಗಿಯ ಕೈಯಲ್ಲಿ ಮಣ್ಣನ್ನು ಮೊದಲಿದ್ದ ಹಾಗೆಯೇ ಮುಚ್ಚಿಸಿದೆ. ಹೂಳದಿದ್ದರೆ ಕಲ್ಲು ನಿಲ್ಲುವುದಿಲ್ಲ ಎಂದು ಹೇಳಿದೆ.