ಕೆಳಗಿನ ಕೊಂಬೆ ಹುಳುಗಳಿಗೆ

ವಿಜಯಲಕ್ಷ್ಮೀಯನ್ನು ಬ್ಯಾಂಕಿನವರು ವಿಶಾಖಪಟ್ಟಣದ ಕಡೆಗೆ ವರ್ಗ ಮಾಡಿದಾಗ ಅವಳಿಗೆ ಐವತ್ತೊಂದು ವರ್ಷ. ಗಂಡ ಗುರುದತ್ ಗದಗಿನ ಹೈಸ್ಕೂಲಿನಲ್ಲಿ ಮಾಸ್ತರು, ನೌಕರಿ ಬಿಟ್ಟು ಬರುವಂತಿರಲಿಲ್ಲ. ಪರವಾಡದ ಶಾಖೆಗೆ ಹತ್ತಿರವಾಗಲಿ ಎಂದು ಅವಳೊಬ್ಬಳೇ ಗಾಜುವಾಕದ ಒಂದು ಓಣಿಯಲ್ಲಿ ಸೂರ್ಯಕಾಂತಮ್ಮನವರ ಮನೆಯ ಕೆಳಗಿನ ಎರಡು ಕೋಣೆ ಹಿಡಿದಳು. ಕೋಣೆಗಳಲ್ಲಿ ಅಂಥ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅವಳು ಮರುಳಾದದ್ದು ಹಿತ್ತಿಲಿಗೆ.

ಹಿತ್ತಿಲೆಂದರೆ ನಾಲ್ಕು ಹೆಜ್ಜೆಯ ಜಾಗ. ಅಷ್ಟರಲ್ಲೇ ಒಂದು ನಂದಿಬಟ್ಟಲು, ಎರಡು ದಾಸವಾಳ, ಗೋಡೆಗೆ ಒರಗಿದ ಪಾರಿಜಾತ, ನಡುವೆ ಆಳೆತ್ತರ ಮೀರಿದ ಕರಿಬೇವು. ಬೇಸಿಗೆಯಲ್ಲಿ ಪಿಕಳಾರಗಳು ಬಂದು ಬಚ್ಚಲ ನೀರಿನಲ್ಲಿ ಮಿಂದು ಹೋಗುತ್ತಿದ್ದವು. ಮಳೆ ಹಿಡಿದ ಮೇಲೆ ಸೂರಕ್ಕಿಗಳು ದಾಸವಾಳಕ್ಕೆ ತಲೆಕೆಳಗಾಗಿ ಜೋತುಬೀಳುತ್ತಿದ್ದವು. ಬೆಳಗಿನ ಚಹಾದ ಲೋಟ ಹಿಡಿದು ವಿಜಯಲಕ್ಷ್ಮೀ ಇದನ್ನೆಲ್ಲ ಸಣ್ಣ ಹುಡುಗಿಯ ಹಾಗೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಬ್ಯಾಂಕಿನ ಟ್ಯೂಬ್‌ಲೈಟಿನ ಕೆಳಗೆ ಕೂತವಳಿಗೆ, ಪಾಪ, ಯಾವುದನ್ನು ನೋಡಿದರೂ ಹೊಸದೇ.

ಮೂರನೆಯ ವರ್ಷದ ಶ್ರಾವಣದಲ್ಲಿ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಒರೆಸಲು ಹೋದರೆ ಹಿಕ್ಕೆ ನಡೆಯಿತು! ಕನ್ನಡಕ ತಂದು ಹಾಕಿಕೊಂಡು ನೋಡಿದಳು: ಹುಳು. ನಾಲ್ಕೈದು ದಿನಕ್ಕೆ ಅದೇ ಹುಳು ಎಳೆಹಸಿರು ಅಂಗಿ ತೊಟ್ಟು ಕಿರುಬೆರಳಿನಷ್ಟು ದಪ್ಪಗಾಯಿತು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಚಾಚಿ, ಕೊಳೆತ ನಿಂಬೆಹಣ್ಣಿನ ವಾಸನೆ ಬಿಟ್ಟಿತು. ವಿಜಯಲಕ್ಷ್ಮೀ ಬೆಚ್ಚಿ ಹಿಂದೆ ಸರಿದು, ಆಮೇಲೆ ಒಬ್ಬಳೇ ನಕ್ಕಳು.

ಸೂರ್ಯಕಾಂತಮ್ಮನವರಿಗೆ ನಗು ಬರಲಿಲ್ಲ. ಅವರ ಕರಿಬೇವಿಲ್ಲದೆ ಆ ಓಣಿಯಲ್ಲಿ ಒಂದು ಮನೆಯಲ್ಲೂ ಒಗ್ಗರಣೆ ಆಗುತ್ತಿರಲಿಲ್ಲ, ಅವರ ಹೆಮ್ಮೆಯೇ ಅದು. ಮಂಗಳಗಿರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಔಷಧಿ ಸಿಂಪಡಿಸುವ ಬಾಟಲಿ ಹಿಡಿದು ಮಹಡಿಯಿಂದ ಇಳಿದುಬಂದರು. ಅವರಾಡುವುದು ತೆಲುಗು. ವಿಜಯಲಕ್ಷ್ಮೀಯ ಉತ್ತರ ಅರ್ಧ ತೆಲುಗು, ಅರ್ಧ ಗದಗಿನ ಕನ್ನಡ. ಜಗಳಕ್ಕೂ ರಾಜಿಗೂ ಅದು ಸಾಕಾಗುತ್ತಿತ್ತು. ಅವರನ್ನು ಅವಳು ತೆಲುಗಿನಲ್ಲೇ ಪಿನ್ನಿಗಾರು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

"ಅಲ್ಲಮ್ಮಾ, ನೀವು ಬ್ಯಾಂಕ್ ಆಫೀಸರೋ, ಹುಳುಗಳ ತಾಯಿಯೋ? ಕೊಂಬೆ ಬೋಳಾಗ್ತಿದೆ, ಚೂಡಂಡಿ, ನೋಡಿ!"

"ಪಿನ್ನಿಗಾರು, ನಿಮ್ಮ ಕಾಲಿಗೆ ಬೀಳ್ತೀನ್ರೀ, ಹೊಡೀಬ್ಯಾಡ್ರಿ. ಇವು ಮುಂದ ಏನಾಗ್ತಾವ ನೋಡೂಣು."

ಅರ್ಧ ಗಂಟೆ ವಾದ ನಡೆಯಿತು. ಕಡೆಗೆ ಗಿಡ ಪಾಲಾಯಿತು: ಮೇಲಿನ ಕೊಂಬೆ ಓಣಿಯ ಸಾರು ಪುಲುಸುಗಳಿಗೆ, ಕೆಳಗಿನ ಕೊಂಬೆ ಹುಳುಗಳಿಗೆ. ಗಡಿ ದಾಟಿದ ಹುಳುವನ್ನು ವಿಜಯಲಕ್ಷ್ಮೀಯೇ ಎತ್ತಿ ಕೆಳಗೆ ಬಿಡಬೇಕು. ಬೆಳಿಗ್ಗೆ, ಸಂಜೆ ಅದೇ ಅವಳ ಕೆಲಸವಾಯಿತು. ಫೋನಿನಲ್ಲಿ ಗಂಡ, "ಹುಳಾ ಮೇಯಿಸ್ಲಿಕ್ಕೆ ಸಮುದ್ರದ ದಂಡೀತನಕಾ ಹೋಗಬೇಕಿತ್ತೇನು? ನಮ್ಮ ಬದನೀಕಾಯೊಳಗ ಬೇಕಾದಷ್ಟ ಇದ್ವು" ಎಂದು ಕಾಡಿಸಿದ.

ಹುಳುಗಳು ಒಂದೊಂದಾಗಿ ಕಡ್ಡಿಗೆ ಬಾಲ ಅಂಟಿಸಿ, ಬೆನ್ನಿಗೊಂದು ನೂಲು ಕಟ್ಟಿಕೊಂಡು, ಬಾಗಿದ ಎಲೆಯ ಹಾಗೆ ಕೋಶವಾದವು. ಹತ್ತು ಹನ್ನೊಂದು ದಿನಕ್ಕೆ ಕೋಶ ಒಡೆಯುತ್ತಿತ್ತು. ಆದರೆ ಒಡೆಯುತ್ತಿದ್ದದ್ದು ಬೆಳಗಿನ ಎಂಟರ ಮೇಲೆ. ಪರವಾಡದ ಕಂಪನಿ ಬಸ್ಸುಗಳು ರಸ್ತೆ ತುಂಬುವ ಮೊದಲೇ ಅವಳು ಏಳೂವರೆಗೆ ಆಟೋ ಹತ್ತಬೇಕು. ಸಂಜೆ ಬಂದರೆ ಬರೀ ಸಿಪ್ಪೆ. ಒಂದಲ್ಲ, ಐದು ಸಲ ಹೀಗೇ ಆಯಿತು. ಭಾನುವಾರಗಳಂದು ಕುರ್ಚಿ ಹಾಕಿಕೊಂಡು ಕಾದರೂ ಆ ದಿನ ಒಂದೂ ಒಡೆಯಲಿಲ್ಲ. ಬಿಳಿ ಚುಕ್ಕೆಯ ಕಪ್ಪು ಚಿಟ್ಟೆಗಳೇನೋ ದಾಸವಾಳದ ಸುತ್ತ ಹಾರಾಡುತ್ತಿದ್ದವು. ಅಷ್ಟು ದೊಡ್ಡ ರೆಕ್ಕೆ ಅಷ್ಟು ಚಿಕ್ಕ ಕೋಶದಿಂದ ಬರುವುದಾದರೂ ಹೇಗೆ? ಒಮ್ಮೆ, ಒಂದೇ ಒಮ್ಮೆ, ಅದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಅವಳಿಗೆ ಹಟವಾಗಿಬಿಟ್ಟಿತು.

ಆಗಲೇ ಗುರುವಾರ ವರ್ಗದ ಆದೇಶ ಬಂತು. ಸೋಮವಾರ ವಿಜಯವಾಡದಲ್ಲಿ ಹಾಜರಾಗಬೇಕು. ಗಿಡದಲ್ಲಿ ಇನ್ನೂ ಮೂರು ಕೋಶಗಳಿದ್ದವು. ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು. ದೊಡ್ಡ ಕೋಶ ಮಂಗಳವಾರ ಒಡೆಯಬೇಕು. ವಿಜಯವಾಡದ ಕ್ವಾರ್ಟರ್ಸಿನಿಂದ ಬ್ಯಾಂಕಿಗೆ ಐದು ನಿಮಿಷದ ಹಾದಿ. ಒಂಬತ್ತೂವರೆಯವರೆಗೂ ಕೂತು ನೋಡಬಹುದು!

ಕಡ್ಡಿಯ ಸಮೇತ ಆ ಕೋಶವನ್ನು ಕತ್ತರಿಸಿಕೊಂಡಳು. ಶಾಖೆಯಲ್ಲಿ ಗಿರಾಕಿಗಳು ಅಡವಿಟ್ಟ ಒಡವೆಗಳನ್ನು ಕಟ್ಟಿಡುವುದು ಎಷ್ಟೋ ವರ್ಷಗಳಿಂದ ಅವಳ ಕೆಲಸ. ಸರ ಒಂದಕ್ಕೊಂದು ತಾಗಬಾರದು, ಓಲೆಯ ಹರಳು ಅಲುಗಬಾರದು. ಆ ಕೈಯೇ ಇಲ್ಲೂ ಓಡಿತು. ಕಾಜಾ ಮಿಠಾಯಿ ತಂದಿದ್ದ ರಟ್ಟಿನ ಡಬ್ಬಿಯಲ್ಲಿ ಅರಳೆ ಹಾಸಿ, ಕೋಶವನ್ನಿಟ್ಟು, ಸುತ್ತಲೂ ಮೇಲೂ ಅರಳೆ ಒತ್ತಿ ತುಂಬಿದಳು. ಗಾಳಿಗೆಂದು ಸೂಜಿಯಿಂದ ತೂತು ಮಾಡಿದಳು. ಮುಚ್ಚಳದ ನಾಲ್ಕು ಅಂಚಿಗೂ ಟೇಪು ಬಿಗಿದು, ಟೇಪಿನ ಮೇಲೆ ಅಡ್ಡಕ್ಕೆ ಸಹಿ, ತಾರೀಕು.

ಸೂರ್ಯಕಾಂತಮ್ಮನವರು ನೋಡುತ್ತ ನಿಂತಿದ್ದರು. "ಅದನ್ನ ಗಿಡದಲ್ಲೇ ಬಿಡಬಾರದಾ ಅಮ್ಮಾ?"

"ಇಲ್ಲೆ ಬಿಟ್ರ ನಾ ಯಾವಾಗ ನೋಡ್ಲಿ, ಪಿನ್ನಿಗಾರು? ಹಾದಿಯೊಳಗ ಅಲುಗಬಾರದು, ಅದಕ್ಕ ಹಿಂಗ ಕಟ್ಟೀನಿ."

ಭಾನುವಾರದ ರೈಲಿನಲ್ಲಿ ಆರು ತಾಸು ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಸೋಮವಾರ ಹಾಜರಾಗಿ ಬಂದಳು. ಡಬ್ಬಿಯನ್ನು ತೆರೆದು ನೋಡುವ ಆಸೆಯಾದರೂ, ಸುಮ್ಮನೆ ಯಾಕೆ ಕೆದಕುವುದು ಎಂದು ಕೈ ತಡೆದುಕೊಂಡಳು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಸ್ನಾನ ಮಾಡಿ, ಚಹಾ ಮಾಡಿಕೊಂಡು, ವರಾಂಡದಲ್ಲಿ ಕುರ್ಚಿ ಹಾಕಿ, ಟೇಪು ಕತ್ತರಿಸಿದಳು.

ಅರಳೆಯ ಮೇಲೆ ಕೆಂಪು ಬಣ್ಣದ ಕಲೆ. ಮೇಲಿನ ಪದರ ತೆಗೆದರೆ ಚಿಟ್ಟೆ ಅಲ್ಲೇ ಇತ್ತು. ಲೆಕ್ಕಕ್ಕೆ ಮೊದಲೇ, ಹಿಂದಿನ ದಿನವೇ ಹೊರಬಂದಿತ್ತು. ಬಿಡಿಸಿಕೊಳ್ಳಲು ಜಾಗವಿಲ್ಲದೆ ರೆಕ್ಕೆಗಳು ಮುದುಡಿದಂತೆಯೇ ಒಣಗಿ ಗಟ್ಟಿಯಾಗಿದ್ದವು. ಅವಳು ಬೆರಳು ಚಾಚಿದಳು. ಅದು ಹತ್ತಿತು. ರೆಕ್ಕೆ ನಡುಗಿಸಿತು, ಮತ್ತೆ ನಡುಗಿಸಿತು, ಉರುಳಿ ಅವಳ ಮಡಿಲಿಗೆ ಬಿತ್ತು. ಕಳ್ಳರ ಕೈಗೆ ಸಿಗದ ಹಾಗೆ ಕಟ್ಟಿದವಳು ಒಂದು ಜೀವದ ರೆಕ್ಕೆಯನ್ನೇ ಕಟ್ಟಿಹಾಕಿದ್ದಳು. ಅವಳಿಗೆ ಅಳು ಬಂತು.

ಎಂಟೂಮುಕ್ಕಾಲಿಗೆ ಫೋನು ಬಂತು. ಸೂರ್ಯಕಾಂತಮ್ಮನವರು. ಧ್ವನಿಯಲ್ಲಿ ಎಪ್ಪತ್ತರ ಮುದುಕಿಯೇ ಇರಲಿಲ್ಲ.

"ವಿಜಯಮ್ಮಾ, ಒಡೀತು! ನನ್ನ ಕಣ್ಣೆದುರಿಗೇ ಒಡೀತು! ಒಲೆ ಮೇಲೆ ಹಾಲಿಟ್ಟು ಕರಿಬೇವಿಗೆ ಅಂತ ಇಳಿದು ಬಂದೆ. ಕೋಶ ಕಪ್ಪಗಾಗಿತ್ತು. ಬೆನ್ನಮೇಲೆ ಬಿರುಕು ಬಿಡ್ತು..."

ವಿಜಯಲಕ್ಷ್ಮೀ ಕಣ್ಣೊರೆಸಿಕೊಂಡಳು. ಕೇಳದೆ ಇರಲು ಅವಳಿಂದ ಆಗಲಿಲ್ಲ. "ಮೊದಲ ಏನು ಬಂತ್ರೀ? ತಲಿಯೋ, ಕಾಲೋ?"

"ಕಾಲು. ಆಮೇಲೆ ತಲೆ. ರೆಕ್ಕೆ ಅಂತೀಯಾ, ರೆಕ್ಕೇನೇ ಇರ್ಲಿಲ್ಲಮ್ಮಾ! ಒದ್ದೆ ಬಟ್ಟೆ ಹಿಂಡಿದ ಹಾಗೆ ಎರಡು ಮುದ್ದೆ. ಅಯ್ಯೋ ಪಾಪ, ಇದು ಕುಂಟು ಅಂದ್ಕೊಂಡೆ. ಅದು ಮೆಲ್ಲಗೆ ಮೇಲಕ್ಕೆ ಹತ್ತಿ, ಕೊಂಬೆಗೆ ಜೋತುಬಿತ್ತು ನೋಡು. ಜೋತುಬಿದ್ದ ಮೇಲೇನೇ ರೆಕ್ಕೆ ಇಳೀತಾ ಬಂತು, ಇಳೀತಾ ಬಂತು..."

"ಎಷ್ಟು ಹೊತ್ತು ಹಿಡೀತು?"

"ಹಾಲು ಉಕ್ಕಿ, ಪಾತ್ರೆ ಸೀದು ಹೋಗೋವಷ್ಟು!" ಎಂದು ನಕ್ಕವರು ತಟ್ಟನೆ ನೆನಪಿಸಿಕೊಂಡರು. "ನಿಂದು ಒಡೀತಾ? ನೋಡಿದ್ಯಾ?"

ಮಡಿಲಿನಲ್ಲಿದ್ದದ್ದು ಸೆರಗಿನ ಅಂಚು ಹಿಡಿದು ಹತ್ತುತ್ತಿತ್ತು. "ಅದಕ್ಕ ಜೋತುಬೀಳ್ಲಿಕ್ಕೆ ನಾ ಜಾಗಾನs ಬಿಟ್ಟಿರ್ಲಿಲ್ರೀ, ಪಿನ್ನಿಗಾರು. ರೆಕ್ಕಿ ಬಿಚ್ಚಲೇ ಇಲ್ಲ."

ಸೂರ್ಯಕಾಂತಮ್ಮನವರು ಮೆಲ್ಲಗೆ, "ಇನ್ನೂ ಒಂದು ಉಳಿದಿದೆ ತಲ್ಲೀ. ಕಪ್ಪಗಾದ ತಕ್ಷಣ ವಿಡಿಯೋ ಕಾಲ್ ಮಾಡ್ತೀನಿ, ನೀನೂ ನೋಡುವಿಯಂತೆ" ಎಂದರು.

ವಿಜಯಲಕ್ಷ್ಮೀ ಫೋನನ್ನು ಕಿವಿಗೆ ಹಿಡಿದುಕೊಂಡೇ ಎದ್ದು ಕ್ವಾರ್ಟರ್ಸಿನ ಬೇಲಿಯ ದಾಸವಾಳದ ಹತ್ತಿರ ಹೋದಳು. ಚಿಟ್ಟೆಯನ್ನು ಹೂವಿನ ಅಂಚಿಗೆ ಹತ್ತಿಸಿದಳು. ಅದು ತಡವರಿಸಿ, ಸುರುಳಿ ನಾಲಿಗೆ ಬಿಚ್ಚಿ, ಹೂವಿನೊಳಕ್ಕೆ ಇಳಿಬಿಟ್ಟಿತು.

"ಬ್ಯಾಡ್ರೀ," ಎಂದಳು. "ಅದನ್ನ ನೀವs ನೋಡ್ರಿ, ನೋಡಿ ನನಗ ಹೇಳ್ರಿ. ಇದಕ್ಕ ಹಾರ್ಲಿಕ್ಕೆ ಬರೂದಿಲ್ಲ. ಒಂದು ಹೂವಿನಿಂದ ಇನ್ನೊಂದಕ್ಕ ನಾನs ಎತ್ತಿ ಬಿಡಬೇಕು."