ವರದಿಯನ್ನು ಕುಣಿದು ತೋರಿಸಿದ್ದು

ನಮ್ಮೂರು ಕರೂರಿನಲ್ಲಿ ತೊಟ್ಟಿಲ ಮನೆ ಶುರುವಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ಆರು ಹೆತ್ತು ನಾಲ್ಕು ಉಳಿಸಿಕೊಂಡವಳಿಗೆ ಕೂಸುಗಳ ಉಚ್ಚೆ ಬಳಿಯುವುದು ಈ ಜನ್ಮಕ್ಕೆ ಸಾಕಾಗಿತ್ತು. ಸೊಸೆ ನಾಟಿಗೆ ಹೋಗುತ್ತಾಳೆ, ಕೊಯ್ಲಿಗೆ ಹೋಗುತ್ತಾಳೆ, ಗದ್ದೆಯಲ್ಲಿ ಕೆಲಸ ಇಲ್ಲದ ತಿಂಗಳಲ್ಲಿ ಸಿರುಗುಪ್ಪದ ರೈಸ್ ಮಿಲ್ಲಿಗೆ ಕಸ ಗುಡಿಸಲು ಹೋಗುತ್ತಾಳೆ. ಮೊದಲು ಅವಳು ಬಾಗಿಲು ದಾಟುವಾಗಲೇ ಮೊಮ್ಮಗನನ್ನು ನನ್ನ ತೊಡೆಗೆ ಎಸೆದು ಹೋಗುತ್ತಿದ್ದಳು. ಯಾವುದೋ ಸಂಸ್ಥೆಯವರು ಬಂದು ಹಳೆ ಚಾವಡಿಗೆ ಸುಣ್ಣ ಬಳಿದು, ತೊಟ್ಟಿಲು ಕಟ್ಟಿ, ಒಬ್ಬ ಆಯಾಳನ್ನು ಇಟ್ಟು, ಮಧ್ಯಾಹ್ನಕ್ಕೆ ಅನ್ನ ಬೇಳೆ ಕೊಡಲು ಶುರುಮಾಡಿದರು. ನನ್ನ ತೊಡೆ ಖಾಲಿಯಾಯಿತು.

ಅದೇ ಹೊತ್ತಿಗೆ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿತ್ತು. ನನಗೆ ಚಟ ಹತ್ತಿತು. ಬೆಳಗ್ಗೆ ರೊಟ್ಟಿ ತಿಂದು, ಆಧಾರ್ ಕಾರ್ಡನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ಬಂದ ಬಸ್ಸು ಹತ್ತುವುದು. ಸಿರುಗುಪ್ಪಕ್ಕೆ, ಕುರುಗೋಡಿಗೆ, ಬಳ್ಳಾರಿಗೆ. ಕೆಲಸವೇನೂ ಇಲ್ಲ. ಕಿಟಕಿ ಪಕ್ಕ ಕೂರುವುದು, ಇಳಿದಲ್ಲಿ ಒಂದು ಚಹಾ ಕುಡಿಯುವುದು, ಜನ ಜಗಳ ಆಡುವುದನ್ನು ನೋಡಿ ವಾಪಸ್ಸು ಬರುವುದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜಗಳ ನೋಡಲು ಬಲು ಚೆನ್ನ. ಮೂರು ಭಾಷೆಯಲ್ಲಿ ಬಯ್ಯುತ್ತಾರೆ. ಮೊಮ್ಮಗನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಸಿರುಗುಪ್ಪ ಬರುವುದರೊಳಗೆ ಕಂಡಕ್ಟರನ ಚೀಲದೊಳಗೆ ವಾಂತಿ ಮಾಡಿದ. ಕಂಡಕ್ಟರ್ ಆವತ್ತು ಎಲ್ಲರಿಗೂ ಒದ್ದೆ ಚಿಲ್ಲರೆ ಕೊಟ್ಟ. ಹಾಗಾಗಿ ತೊಟ್ಟಿಲ ಮನೆ ಇದ್ದರೆ ನನಗೆ ಬಸ್ಸು, ಇಲ್ಲದಿದ್ದರೆ ಮೊಮ್ಮಗ. ನಡುವೆ ಬೇರೆ ದಾರಿ ಇರಲಿಲ್ಲ.

ಒಂದು ಸುಗ್ಗಿ ಕಳೆದ ಮೇಲೆ ಬಳ್ಳಾರಿಯ ಪಾರ್ವತಿನಗರದಲ್ಲಿರುವ ಆ ಸಂಸ್ಥೆಯ ಆಫೀಸಿನಿಂದ ಒಬ್ಬ ಹುಡುಗಿ ಬಂದಳು. ತೊಟ್ಟಿಲ ಮನೆಯಿಂದ ಊರಿಗೆ ಏನು ಉಪಯೋಗವಾಯಿತು ಅಂತ ನೋಡುವುದು ಅವಳ ಕೆಲಸ. ಕೂಸುಗಳನ್ನು ತೂಗಿದಳು, ತಾಯಂದಿರನ್ನು ಕೇಳಿದಳು, ನನ್ನನ್ನೂ ಕೇಳಿದಳು. ಆಮೇಲೆ ಹೋದಳು. ನಾವು ಮರೆತೆವು. ನಾಟಿ ಬಂತು, ಹೋಯಿತು. ಆ ಹುಡುಗಿ ಮತ್ತೆ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

"ಅಜ್ಜಿ, ರಿಸಲ್ಟ್ ಬಂದೈತ್ರಿ."

"ಯಾರು ಪಾಸಾದ್ರು?"

"ಪಾಸು ಫೇಲು ಅಲ್ರಿ ಇದು. ಯಾರ ಹತ್ರ ಕೇಳಿದ್ವೋ ಅವ್ರಿಗೇ ಮೊದ್ಲು ತಿರುಗಿ ಹೇಳ್ಬೇಕು ಅಂತ ನಮ್ಮ ಮ್ಯಾಲಿನವ್ರು ಹೇಳ್ಯಾರ. ಆಫೀಸಿಗೆ ಊರಿನ ಕಡೀಂದ ಯಾರನ್ನಾದ್ರೂ ಕಳಿಸ್ರಿ."

ಊರಲ್ಲಿ ಕೆಲಸವಿಲ್ಲದೆ ಬಸ್ಸಿನಲ್ಲಿ ತಿರುಗುವವಳು ನಾನೊಬ್ಬಳೇ. ನಾನೇ ಹೋದೆ.

ಆಫೀಸಿನಲ್ಲಿ ಬೆಳಕು ಕಡಿಮೆ ಮಾಡಿ ಗೋಡೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿದಳು. ನೀಲಿ ಕಂಬ, ಹಸಿರು ಕಂಬ. ತಂಪಾಗಿತ್ತು, ನನಗೆ ತೂಕಡಿಕೆ ಬಂತು. ಎದ್ದು ಕೇಳಿದೆ, "ಯವ್ವಾ, ಕಂಬ ಇರಲಿ. ತೊಟ್ಟಿಲ ಮನಿ ಇರತೈತೋ, ಮುಚ್ಚತೈತೋ?"

"ಅದು ಅಷ್ಟು ಸರಳ ಇಲ್ಲ ಅಜ್ಜಿ."

"ಬಾಗಿಲಿಗೆ ಎರಡೇ ಇರತಾವು. ತೆರಿಯೋದು, ಹಾಕೋದು."

ಹುಡುಗಿ ಉಗುರು ಕಚ್ಚಿದಳು. ಆಮೇಲೆ ಹೇಳಿದಳು: ನಾಟಿ, ಕೊಯ್ಲಿನ ತಿಂಗಳಲ್ಲಿ ಮನೆ ತುಂಬಿರುತ್ತದೆ, ಮಕ್ಕಳು ಮೈ ತುಂಬಿಕೊಂಡಿದ್ದಾರೆ. ನಡುವಿನ ತಿಂಗಳಲ್ಲಿ ಬೆರಳೆಣಿಕೆಯ ಕೂಸುಗಳು. ಆದ್ದರಿಂದ ಆ ತಿಂಗಳುಗಳಲ್ಲಿ ಮುಚ್ಚಬಹುದು ಅಂತ ಆಫೀಸಿನವರ ಸಲಹೆ. ಆದರೆ ತೀರ್ಮಾನ ಅವಳದಲ್ಲ. ದುಡ್ಡು ಕೊಡುವ ಕಡೆಯಿಂದ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆ, ಫಲಿತಾಂಶ ಕೇಳಿ ಊರು ಏನನ್ನುತ್ತದೆ ಅಂತ ಕಣ್ಣಾರೆ ನೋಡಿ ಹೇಳುತ್ತಾರೆ.

ಆ ಬೆರಳೆಣಿಕೆಯಲ್ಲಿ ಒಂದು ಬೆರಳು ನಮ್ಮದು. ನನ್ನ ಕಣ್ಣ ಮುಂದೆ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

"ಈ ಕಂಬ ಊರಾಗ ತೋರ್ಸಿದ್ರ ತಿಳಿಯಂಗಿಲ್ಲ, ಹೌದಲ್ರಿ? ನಿಮ್ಮ ಜನಕ್ಕ ತಿಳಿಯೋ ರೀತಿ ಹೇಳ್ಬೇಕಂತ. ನಿಮ್ಮ ಕಡಿ ಏನೈತಿ?" ಎಂದಳು.

ನಾನು ಬಸ್ಸಿನ ಯೋಚನೆಯಲ್ಲಿದ್ದೆ. ಬಾಯಿಗೆ ಬಂದದ್ದು ಹೇಳಿದೆ. "ಬಯಲಾಟ ಐತಿ."

ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಮರುದಿನವೇ ನನ್ನನ್ನು ಕರೆದುಕೊಂಡು ಕುರುಗೋಡಿಗೆ ಹೊರಟಳು.

ಅಲ್ಲೊಬ್ಬ ಮುದುಕ ಮಾಸ್ತರ ಇದ್ದಾನೆ. ಸುತ್ತಲಿನ ಊರಿಗೆಲ್ಲ ಬಯಲಾಟ ಕಲಿಸಿದವನು ಅವನೇ. ಹುಡುಗಿ ಲ್ಯಾಪ್‌ಟಾಪ್ ತೆರೆದು ಅವನ ಚಾಪೆಯ ಮೇಲೆ ಇಟ್ಟಳು. ಅವನು ಅದನ್ನು ನೋಡದೆ ಎಲೆ ಅಡಿಕೆ ಹಾಕಿಕೊಂಡ.

"ಕತಿ ಇರಲಿ ಯವ್ವಾ. ಮೊದ್ಲು ರಾಜ ಯಾರು ಹೇಳು."

"ರಾಜ ಇಲ್ರಿ. ದಾನಿಗಳು ಅದಾರ. ದೂರ ಇರತಾರ, ದುಡ್ಡು ಕಳಸ್ತಾರ."

"ಇಂದ್ರ ಆತು. ರಕ್ಕಸ?"

"ಅಪೌಷ್ಟಿಕತೆ ಅಂತ..."

"ಅದನ್ನ ಹೇಳೋದ್ರಾಗ ನನ್ನ ಹುಡುಗ್ರ ಮೀಸಿ ಬೀಳತೈತಿ. ಹಸಿವಾಸುರ ಅನ್ನು. ತೊಟ್ಟಿಲ ಮನಿ ಒಬ್ಬ ರಾಣಿ. ಆತಲ್ಲ? ಈಗ ರಾಣಿ ಕೈಯಾಗ ರಕ್ಕಸ ಯಾವಾಗ ಸಾಯ್ತಾನ?"

ಹುಡುಗಿ ಲ್ಯಾಪ್‌ಟಾಪ್ ನೋಡಿದಳು. "ಸಾಯಂಗಿಲ್ರಿ. ಸ್ವಲ್ಪ ಕಡಿಮಿ ಆಗ್ತಾನ."

ಮಾಸ್ತರ ಎಲೆ ಅಗಿಯುವುದನ್ನು ನಿಲ್ಲಿಸಿದ. "ಹುಟ್ಟಿದಾಗಿಂದ ಆಟ ಆಡಸ್ತೀನಿ. ನನ್ನ ಆಟದಾಗ ಯಾವ ರಕ್ಕಸನೂ ಸ್ವಲ್ಪ ಸತ್ತಿಲ್ಲ."

"ಪೂರ್ತಿ ಸಾಯಿಸಿದ್ರ ಅದು ಸುಳ್ಳು ಆಗತೈತ್ರಿ. ಫಲಿತಾಂಶ ಬದಲಿ ಮಾಡಂಗಿಲ್ಲ. ಇನ್ನೊಂದೇನಂದ್ರ, ಅವ ಕಡಿಮಿ ಆಗಿದ್ದು ತೊಟ್ಟಿಲ ಮನಿಯಿಂದನ ಅಂತಾನೂ ಹೇಳಾಕ ಬರಂಗಿಲ್ಲ. ಇತರೆ ಕಾರಣನೂ ಇರಬಹುದು."

"ಇತರೆ ಕಾರಣ ಯಾರು?"

"ಯಾರೂ ಅಲ್ರಿ. ಗೊತ್ತಿಲ್ಲದ ಕಾರಣ."

"ಗೊತ್ತಿಲ್ಲ ಅಂದ್ರೂ ರಂಗದ ಮ್ಯಾಲ ಬಂದ್ರ ವೇಷ ಬೇಕಲ್ಲ. ಅದನ್ನ ಹಾಸ್ಯಗಾರಗ ಕೊಡೋಣ. ರಾಣಿ ಒಂದು ಏಟು ಹೊಡದ್ರ, ಹಿಂದಿಂದ ಅವನೂ ಒಂದು ಹೊಡೀಲಿ. ಯಾರ ಏಟು ಹತ್ತಿತು ಅಂತ ಯಾರಿಗೂ ತಿಳಿಬಾರದು."

ಹುಡುಗಿ ಬಾಯಿ ತೆರೆದಳು. "ಅದ ರೀ! ಅದನ್ನ ನಾವು ನಲವತ್ತು ಪುಟ ಬರದೀವಿ!"

ರಕ್ಕಸ ಸಾಯಬೇಕೋ ಬೇಡವೋ ಅನ್ನುವ ಜಗಳ ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ಮೂರ್ಛೆಗೆ ಒಪ್ಪಿದರು. ನಾಟಿ, ಸುಗ್ಗಿಯಲ್ಲಿ ರಕ್ಕಸ ಮೂರ್ಛೆ ಬೀಳುವುದು, ನಡುವಿನ ತಿಂಗಳಲ್ಲಿ ಏಳುವುದು. ಕೊನೆಗೆ ಇಂದ್ರ ಬಂದು "ಸುಗ್ಗಿ ಕಳೆದ ಬಳಿಕ ಬಾಗಿಲು ಮುಚ್ಚತಕ್ಕದ್ದು" ಅಂತ ತೀರ್ಪು ಕೊಡುವುದು, ಆಮೇಲೆ ಮಂಗಳ ಹಾಡುವುದು. ಮಂಗಳ ಹಾಡಿದ ಮೇಲೆ ಮಾತಿಲ್ಲ. ಬಯಲಾಟಕ್ಕೆ ಅದು ಬಾಗಿಲಿಗೆ ಹಾಕಿದ ಅಗಳಿ ಇದ್ದಂತೆ.

ನಾನು ಮಾಸ್ತರನಿಗೆ ಹೇಳಿದೆ, "ತೀರ್ಪು ಬ್ಯಾರೆ ಕೊಡಸ್ರಿ." ಅವನು "ಯಕ್ಕಾ, ನಾ ದುಡ್ಡು ಇಸ್ಕಂಡೀನಿ" ಅಂದ.

ಬಯಲಾಟ ರಾತ್ರಿ ಆಡುವುದು. ಆದರೆ ಸಾಹೇಬರಿಗೆ ಸಂಜೆ ವಿಮಾನ ಇತ್ತಂತೆ. ಆದ್ದರಿಂದ ನಮ್ಮೂರ ಶಾಲೆಯ ಮುಂದೆ ಬೆಳಗ್ಗೆ ಹನ್ನೊಂದಕ್ಕೆ ಆಟ ಇಟ್ಟರು. ಹಾಗೆ ಯಾರೂ ಎಂದೂ ನೋಡಿರಲಿಲ್ಲ. ಮಾಸ್ತರ ಲೈಟು ಇಲ್ಲದೆ ವೇಷ ಏಳುವುದಿಲ್ಲ ಅಂತ ಹಟ ಹಿಡಿದ. ಸುಡುವ ಬಿಸಿಲಿನಲ್ಲಿ ದೊಡ್ಡ ದೊಡ್ಡ ಲೈಟು ಹಾಕಿದರು. ಮದ್ದಳೆ ಬಡಿಯುತ್ತಲೇ ನಾಯಿಗಳು ಬಂದು ಮುಂದಿನ ಸಾಲಿನಲ್ಲಿ ಮಲಗಿದವು. ಸಾಹೇಬರನ್ನು ಶಾಮಿಯಾನದ ನೆರಳಿನಲ್ಲಿ ಕೂರಿಸಿದರು. ಬಿಳಿ ಅಂಗಿ, ಬೆವರು, ಕೈಯಲ್ಲಿ ಎಳನೀರು. ಕನ್ನಡ ಬಾರದು. ಹುಡುಗಿ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುತ್ತಿದ್ದಳು. ಅವಳ ಹಿಂದೆ ನಾನು.

ಹಸಿವಾಸುರ ಕುಣಿಯುತ್ತ ಬಂದ. ಮುಖದ ಬಣ್ಣ ಕರಗಿ ಕೊರಳಿಗಿಳಿದು, ಕೆಂಪು ರಕ್ಕಸ ಅರ್ಧಕ್ಕೆ ಸಾಮಾನ್ಯ ಮನುಷ್ಯನಾಗಿದ್ದ. ಜನ ಗುರುತು ಹಿಡಿದರು. ಅವನು ನಮ್ಮೂರ ಅಳಿಯ. ಅಳಿಯ ವೇಷ ಹಾಕಿದರೆ ಮಾವನ ಮನೆಯವರು ಸುಮ್ಮನಿರುವುದುಂಟೇ? ಮಾವ ಒಂದು ಟವೆಲ್ ಹಿಡಿದು ಮೇಲೆ ಹತ್ತಿದ. ನಮ್ಮ ಕಡೆ ಬಯಲಾಟದಲ್ಲಿ ಆಯೇರಿ ಮಾಡುವುದು ಹೀಗೆ, ಮದುವೆಯಲ್ಲಿ ಮಾಡಿದಂತೆಯೇ. ಯಾರು ಬೇಕಾದರೂ ಆಟದ ನಡುವೆ ಹತ್ತಿ ಉಡುಗೊರೆ ಕೊಡಬಹುದು. ಆಟ ನಿಲ್ಲಿಸಿ ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಇಸಿದುಕೊಂಡವನು ಒಂದಲ್ಲ ಒಂದು ದಿನ ಮೇಲಿಷ್ಟು ಸೇರಿಸಿ ತಿರುಗಿ ಮುಟ್ಟಿಸಬೇಕು, ಅದಕ್ಕೆ ಮುಯ್ಯಿ ಅನ್ನುತ್ತಾರೆ.

ಮಾವನ ಹಿಂದೆ ಚಿಕ್ಕಮಾವ ಹತ್ತಿದ, ಷಡ್ಡಕ ಹತ್ತಿದ, ಹಾಲು ಹಾಕುವವನು ಹತ್ತಿದ. ಮೈಕಿನವನು ಹಸಿವಾಸುರನಿಗೆ ಟವೆಲ್ಲು, ಹಸಿವಾಸುರನಿಗೆ ಶಲ್ಯ, ಹಸಿವಾಸುರನಿಗೆ ಮೂಸಂಬಿ ಹಾರ ಅಂತ ಕೂಗುತ್ತಲೇ ಹೋದ. ತೊಟ್ಟಿಲ ರಾಣಿಯ ವೇಷದವನು ಬೇರೆ ಊರಿನವನು. ಅವನಿಗೆ ಒಂದು ಕರವಸ್ತ್ರವೂ ಬೀಳಲಿಲ್ಲ. ಹಾಸ್ಯಗಾರ 'ಇತರೆ ಕಾರಣ'ಕ್ಕೆ ಕೂಡ ಯಾರೋ ಅಂಗಿ ಬಟ್ಟೆ ಕೊಟ್ಟರು.

ಸಾಹೇಬರು ಎಳನೀರು ಕೆಳಗಿಟ್ಟು ಏನೋ ಕೇಳಿದರು. ಹುಡುಗಿ ಕೈ ಆಡಿಸಿ ಏನೇನೋ ಹೇಳಿ ನನ್ನ ಕಡೆ ತಿರುಗಿದಳು.

"ಏನಂತಾನ?" ಎಂದೆ.

"ಅಜ್ಜಿ, ಈ ಊರು ಹಸಿವಿನ ಪರ ಐತೇನು ಅಂತ ಕೇಳ್ತಾರ. ತೊಟ್ಟಿಲ ಮನಿ ಯಾರಿಗೂ ಬೇಕಾಗಿಲ್ಲ ಅಂತ ಕಾಣತೈತಿ ಅಂತಾರ. ಅವ ಅಳಿಯ ಅಂತ ಹೇಳಿದ್ರ ನಂಬ್ತಾ ಇಲ್ಲ!"

ಮೇಲೆ ಇಂದ್ರ ಬಂದು ಕೂತಾಗಿತ್ತು. ಇನ್ನು ತೀರ್ಪು, ಆಮೇಲೆ ಮಂಗಳ, ಅಗಳಿ. ನಾನು ಸೊಸೆಯ ಕಡೆ ತಿರುಗಿದೆ. "ಕೂಸು ಕೊಡು."

"ಯಾಕತ್ತಿ?"

"ಕೊಡು ಅಂದ್ರ ಕೊಡು."

ಮೊಮ್ಮಗನನ್ನು ಸೊಂಟಕ್ಕೆ ಇಟ್ಟುಕೊಂಡು ಮೇಲೆ ಹತ್ತಿದೆ. ಮೈಕಿನವನು ಬಗ್ಗಿದ. "ಏನು ಆಯೇರಿ, ಯಮ್ಮ?"

"ಕೂಸು."

"ಯಾರಿಗೆ?"

"ಇಂದ್ರಗ."

ಅವನಿಗೆ ಅಭ್ಯಾಸ. ಯೋಚನೆ ಮಾಡದೆ ಕೂಗಿಬಿಟ್ಟ: "ಊರ ಹಿರಿಯರಾದ ಅಮ್ಮನವರು ಇಂದ್ರ ಪಾತ್ರಧಾರಿಗೆ ಒಂದು ಕೂಸು ಆಯೇರಿ ಮಾಡಿರುತ್ತಾರೆ, ಅವರಿಗೆ ಮಂಡಳಿ ವತಿಯಿಂದ ವಂದನೆಗಳು!"

ನಾನು ಮೊಮ್ಮಗನನ್ನು ಇಂದ್ರನ ತೊಡೆಯ ಮೇಲೆ ಕೂರಿಸಿದೆ. ಇಂದ್ರ ಬಾಡಿಗೆ ಕಿರೀಟ ಹಿಡಿದುಕೊಂಡು ಪಿಸುಗುಟ್ಟಿದ. "ಯಮ್ಮ, ನಾ ಇನ್ನೂ ಕುಣೀಬೇಕು. ಇದನ್ನ ಎಲ್ಲಿ ಇಡ್ಲಿ?"

"ಬಾಗಿಲು ಮುಚ್ಚು ಅನ್ನಾವ ನೀನು. ನೀನ ಹೇಳು, ಎಲ್ಲಿ ಇಡ್ಲಿ."

ಕೆಳಗೆ ಹೆಂಗಸರು ನಕ್ಕರು. ನಕ್ಕವರು ಎದ್ದರು. ರೈಸ್ ಮಿಲ್ಲಿಗೆ ಹೋಗುವವಳೊಬ್ಬಳು ತನ್ನದನ್ನು ತಂದು ಇನ್ನೊಂದು ತೊಡೆಗೆ ಇಟ್ಟಳು. ಮೆಣಸಿನಕಾಯಿ ಬಿಡಿಸಲು ಹೋಗುವವಳು ಕಾಲ ಬಳಿ ಇಟ್ಟಳು. ಮೈಕಿನವನು ಕೂಗುತ್ತಲೇ ಇದ್ದ. ಕೊನೆಗೆ ಇಂದ್ರನ ಭುಜದಲ್ಲೊಂದು, ಸಿಂಹಾಸನದ ಕೆಳಗೊಂದು. ಒಂದು ಅವನ ಮೀಸೆ ಕಿತ್ತು ಬಾಯಿಗೆ ಹಾಕಿಕೊಂಡಿತು. ನಮ್ಮವನು ಏನು ಮಾಡಿದ ಎಂಬುದು ಇಂದ್ರನ ಜರತಾರಿ ಚಲ್ಲಣ ಒದ್ದೆಯಾದಾಗ ಎಲ್ಲರಿಗೂ ತಿಳಿಯಿತು.

ಮೂರ್ಛೆ ಬಿದ್ದಿದ್ದ ಹಸಿವಾಸುರ ಎದ್ದು ಒಂದು ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡತೊಡಗಿದ. ಅದು ಅವನದೇ ಕೂಸು.

ಇಂದ್ರ ಎದ್ದು ನಿಲ್ಲಲಾರದೆ ಕೂತಲ್ಲಿಂದಲೇ ತೀರ್ಪು ಹೇಳಿದ. "ಸುಗ್ಗಿ ಕಳೆದ ಬಳಿಕ ಬಾಗಿಲು..." ಕೆಳಗೆ ನಿಂತ ಹೆಂಗಸರನ್ನು ನೋಡಿದ. ತೊಡೆ ನೋಡಿಕೊಂಡ. "ತೆರೆದೇ ಇರತಕ್ಕದ್ದು!"

"ಅಂಕಲ್, ರಿಸಲ್ಟ್ ಬದಲಿ ಮಾಡಬ್ಯಾಡ್ರಿ!" ಅಂತ ಹುಡುಗಿ ಕೂಗಿದಳು. ಅಷ್ಟರಲ್ಲಿ ಮಾಸ್ತರ ತಾಳ ಕುಟ್ಟಿದ. ಮಂಗಳ ಶುರುವಾಯಿತು. ಮುಗಿಯಿತು.

ಸಾಹೇಬರು ಬಿದ್ದು ಬಿದ್ದು ನಕ್ಕರು. ಆಮೇಲೆ ಹುಡುಗಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಅವಳು ನನ್ನ ಕಡೆ ಬಂದಳು. ಕಣ್ಣು ಒರೆಸಿಕೊಂಡಿದ್ದಳು.

"ಅಜ್ಜಿ, ಸರ್ ಒಪ್ಯಾರ. ಅನ್ನ, ಬೇಳಿ ವರ್ಷಪೂರ್ತಿ ಕೊಡ್ತಾರ. ಮುಚ್ಚಂಗಿಲ್ಲ."

"ಚಲೋ ಆತು" ಎಂದೆ. ನಾಳೆ ಕುರುಗೋಡಿಗೆ ಹೋಗುವುದೋ ಬಳ್ಳಾರಿಗೆ ಹೋಗುವುದೋ ಅಂತ ಯೋಚಿಸುತ್ತಿದ್ದೆ.

"ಆದ್ರ ನಡುವಿನ ತಿಂಗಳು ಆಯಾಗೆ ಪಗಾರ ಇಲ್ಲ. ಊರಿನವ್ರ ಯಾರಾದ್ರೂ ನೋಡ್ಕಬೇಕಂತ. ಯಾರು ಅಂತ ಕೇಳ್ತಾರ."

ನಾನು ಬಾಯಿ ತೆರೆಯುವುದರೊಳಗೆ ಇಂದ್ರ ಬಂದ. ಕಿರೀಟ ತೆಗೆದಿದ್ದ, ಚಲ್ಲಣ ಒದ್ದೆಯೇ ಇತ್ತು. ಕಂಕುಳಲ್ಲಿ ಎರಡು, ಹಿಂದೆ ಹಸಿವಾಸುರ ಎರಡು, ರಾಣಿ ಒಂದು. "ಯಮ್ಮ, ಆಯೇರಿ ಇಟ್ಕಂಡು ಸುಮ್ನ ಹೋಗಾಕ ಬರತೈತೇನು? ತಗಾ, ಮುಯ್ಯಿ." ನಮ್ಮವನನ್ನು ಮೊದಲು ನನ್ನ ತೊಡೆಗೆ ಇಟ್ಟ. ಆಮೇಲೆ ಉಳಿದವನ್ನೆಲ್ಲ ಸುತ್ತ ಇಟ್ಟ.

"ಇವು ಬ್ಯಾರೆಯವ್ರವು!" ಎಂದೆ.

"ಮುಯ್ಯಿ ಹೆಚ್ಚಿಗಿ ಮಾಡ್ಬೇಕಲ್ಲಬೇ" ಅಂತ ಸೊಸೆ ಹಿಂದಿನಿಂದ ಹೇಳಿದಳು. ಊರೆಲ್ಲ ಚಪ್ಪಾಳೆ ಹೊಡೆಯಿತು. ಸಾಹೇಬರೂ ಹೊಡೆದರು. ಅವರಿಗೆ ಉತ್ತರ ಸಿಕ್ಕಿತ್ತು. ಬೇಡ ಅನ್ನಲು ನಾನು ಎದ್ದು ನಿಲ್ಲಬೇಕಿತ್ತು. ಕಾಲ ಮೇಲೆ ಕೂಸುಗಳಿದ್ದವು.

ಆಮೇಲೆ ವರದಿಯ ಕೊನೆಯಲ್ಲಿ ಹುಡುಗಿ ಒಂದು ಸಾಲು ಸೇರಿಸಿದಳಂತೆ. ಊರಿನ ಹಿರಿಯ ಮಹಿಳೆಯೊಬ್ಬರು ಸ್ವಂತ ಇಚ್ಛೆಯಿಂದ ಹೊಣೆ ಹೊತ್ತರು ಅಂತ. ಓದಿ ಹೇಳಿದಾಗ, "ಇದು ಯಾರು ಬೇ?" ಅಂತ ಕೇಳಿದೆ. "ನೀವ ರೀ" ಅಂದಳು. "ಫಲಿತಾಂಶ ಬದಲಿ ಮಾಡಂಗಿಲ್ಲ ಅಂದಿದ್ದಿ" ಎಂದೆ. ವರದಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಈಗ ಸುಗ್ಗಿ ಮುಗಿದಿದೆ. ಆಯಾ ಮೆಣಸಿನಕಾಯಿಗೆ ಹೋಗಿದ್ದಾಳೆ. ಚಾವಡಿಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಸಿರುಗುಪ್ಪದ ಬಸ್ಸು ತೊಟ್ಟಿಲ ಮನೆಯ ಮುಂದೆಯೇ ಹೋಗುತ್ತದೆ. ಅದೇ ಕಂಡಕ್ಟರ್ ಬಾಗಿಲಲ್ಲಿ ನಿಂತು, ಚೀಲವನ್ನು ಎದೆಗೆ ಒತ್ತಿ ಹಿಡಿದು, "ಬರ್ತೀಯೇನಬೇ?" ಅಂತ ಕೂಗುತ್ತಾನೆ. ಹುಡುಗರನ್ನೆಲ್ಲ ಕರಕೊಂಡು ಬರ್ತೀನಿ ನಿಲ್ಲಿಸು ಅನ್ನುತ್ತೇನೆ. ಡ್ರೈವರ್ ಜೋರಾಗಿ ಬಿಡುತ್ತಾನೆ.